ಕೂಲಿಯಲ್ಲ, ಕೊಡುಗೆ: ಕ್ರೈಸ್ತಧರ್ಮದಲ್ಲಿ ಕೃಪೆ ಮತ್ತು ಶಾಸ್ತ್ರ



ಮನುಷ್ಯನು ತನ್ನ ಸಾಧನೆಯಿಂದ ದೇವರನ್ನು ಮುಟ್ಟುತ್ತಾನೆಯೋ, ದೇವರೇ ಕರುಣೆಯಿಂದ ಕೈನೀಡಿ ಅವನನ್ನು ಎತ್ತಿಕೊಳ್ಳುತ್ತಾನೆಯೋ ಎಂಬ ಪ್ರಶ್ನೆ ಯಾವುದೊಂದು ಮತಕ್ಕೂ ಮೀಸಲಾದುದಲ್ಲ. ಭಕ್ತಿಯ ದಾರಿ ಹಿಡಿದವರೆಲ್ಲರೂ ಒಂದಲ್ಲ ಒಂದು ದಿನ ಅದನ್ನು ಎದುರಿಸಲೇಬೇಕಾಗುತ್ತದೆ. ಈ ಒಂದು ಪ್ರಶ್ನೆಯ ಸಲುವಾಗಿ ಎರಡು ಬಾರಿ ಬುಡಸಹಿತ ಅಲುಗಾಡಿದ ಧರ್ಮವೆಂದರೆ ಕ್ರೈಸ್ತಧರ್ಮ. ಮೊದಲ ಸಲ, ಕ್ರಿ.ಶ. ಮೊದಲನೆಯ ಶತಮಾನದ ಮಧ್ಯಭಾಗದಲ್ಲಿ, ಆ ಪ್ರಶ್ನೆ ಊಟದ ಪಂಕ್ತಿಯೊಂದರಲ್ಲಿ ಎದ್ದಿತು. ಎರಡನೆಯ ಸಲ, 16ನೆಯ ಶತಮಾನದ ಆರಂಭದಲ್ಲಿ, ಮಠವಾಸಿಯಾದ ಸಂನ್ಯಾಸಿಯೊಬ್ಬನ ಅಂಜಿದ ಅಂತಃಕರಣದಲ್ಲಿ ಎದ್ದಿತು. ಈ ಎರಡು ಸಂದರ್ಭಗಳಲ್ಲಿ ಕ್ರೈಸ್ತರು ಕಂಡುಕೊಂಡ ಉತ್ತರವೇನು, ಆ ಉತ್ತರ ಅವರಿಂದ ಏನನ್ನು ಬೇಡಿತು ಎಂಬುದನ್ನು ಈ ತಿಂಗಳು ಅರಿಯಲು ಯತ್ನಿಸೋಣ.

'ಕೃಪೆ' ಎಂಬ ಮಾತು ನಮಗೆ ಹೊಸದಲ್ಲ. ಗುರುಕೃಪೆ, ದೈವಕೃಪೆ ಎಂದು ನಮ್ಮ ಮನೆಗಳಲ್ಲಿ ದಿನವೂ ಆಡುತ್ತೇವೆ. ಲಗ್ನಪತ್ರಿಕೆಯ ತಲೆಯ ಮೇಲೂ ಅಚ್ಚು ಹಾಕಿಸುತ್ತೇವೆ. ಪರಿಚಿತವಾದ ಮಾತೆಂಬ ಕಾರಣದಿಂದಲೇ, ನೆರೆಯವರು ಅದನ್ನು ಯಾವ ಅರ್ಥದಲ್ಲಿ ಬಳಸುತ್ತಾರೆಂದು ವಿಚಾರಿಸದೆ ಬಿಡುವ ಸಂಭವವುಂಟು. ಕನ್ನಡ ಬೈಬಲ್ಲಿನಲ್ಲಿ ಗ್ರೀಕ್ ಭಾಷೆಯ 'ಖಾರಿಸ್' ಎಂಬ ಪದಕ್ಕೆ 'ಕೃಪೆ' ಎಂದೂ 'ನೊಮೊಸ್' ಎಂಬ ಪದಕ್ಕೆ 'ಧರ್ಮಶಾಸ್ತ್ರ' ಎಂದೂ ಅನುವಾದವಿದೆ. ಇಲ್ಲಿ ಧರ್ಮಶಾಸ್ತ್ರವೆಂದರೆ ಮನು ಮೊದಲಾದವರ ಸ್ಮೃತಿಗಳಲ್ಲ. ಮೋಶೆಯ ಮೂಲಕ ದೇವರಿಂದ ಬಂದಿತೆಂದು ಯೆಹೂದ್ಯರು ನಂಬುವ 'ತೋರಾ'. ಯೆಹೂದ್ಯ ಸಂಪ್ರದಾಯವು ಅದರಲ್ಲಿ 613 ವಿಧಿನಿಷೇಧಗಳನ್ನು ಎಣಿಸುತ್ತದೆ. ಗಂಡುಮಕ್ಕಳಿಗೆ ಸುನ್ನತಿ, ಸಬ್ಬತ್ ದಿನದ ವಿಶ್ರಾಂತಿ, ತಿನ್ನತಕ್ಕ ಮತ್ತು ತಿನ್ನಬಾರದ ಆಹಾರಗಳ ವಿವೇಚನೆ ಇವೆಲ್ಲ ಅದರಲ್ಲಿ ಸೇರಿವೆ. ನೂರಾರು ವರ್ಷಗಳ ಪರಕೀಯರ ಆಳ್ವಿಕೆಯಲ್ಲಿ ಒಂದು ಚಿಕ್ಕ ಜನಾಂಗವು ಚೆದುರಿ ಹೋಗದಂತೆ ಹಿಡಿದು ನಿಲ್ಲಿಸಿದ್ದೇ ಈ ಶಾಸ್ತ್ರ. ಅದಕ್ಕಾಗಿ ಪ್ರಾಣ ಕೊಟ್ಟವರೂ ಇದ್ದರು. ಆದುದರಿಂದ ಶಾಸ್ತ್ರದ ಪ್ರಶ್ನೆ ಅವರಿಗೆ ಕೇವಲ ಪಾಂಡಿತ್ಯದ ಪ್ರಶ್ನೆಯಾಗಿರಲಿಲ್ಲವೆಂಬುದನ್ನು ಮೊದಲೇ ನೆನಪಿನಲ್ಲಿಡಬೇಕು.

ಅಂತಿಯೋಕ್ಯದ ಪಂಕ್ತಿ

ಪೌಲನು ಇಂದಿನ ತುರ್ಕಿ ದೇಶದ ದಕ್ಷಿಣ ಭಾಗದಲ್ಲಿರುವ ತಾರ್ಸ ಎಂಬ ಪಟ್ಟಣದ ಯೆಹೂದ್ಯ. ಶಾಸ್ತ್ರಪಾಲನೆಯಲ್ಲಿ ಕಟ್ಟುನಿಟ್ಟಿಗೆ ಹೆಸರಾದ ಫರಿಸಾಯರ ಪಂಥಕ್ಕೆ ಸೇರಿದವನು. ಏಸುವಿನ ಅನುಯಾಯಿಗಳನ್ನು ಹಿಂಸಿಸಲು ತಾನೇ ಮುಂದಾಗಿದ್ದೆನೆಂದು ಅವನು ತನ್ನ ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ. ಅಂಥವನು ದಮಸ್ಕದ ದಾರಿಯಲ್ಲಿ ಪುನರುತ್ಥಾನಗೊಂಡ ಕ್ರಿಸ್ತನ ದರ್ಶನ ಪಡೆದನೆಂಬುದು ಕ್ರೈಸ್ತರ ನಂಬಿಕೆ. ಅವನ ಬದುಕು ಅಲ್ಲಿಂದ ತಿರುಗಿತು. ಅವನು ಕೃಪೆಯೆಂದು ಕರೆದದ್ದು ಮೊದಲು ತನಗೇ ಸಂಭವಿಸಿದ ಸಂಗತಿಯನ್ನು. ಹಿಂಸಿಸಲು ಹೊರಟವನಿಗೆ ದಂಡನೆಯ ಬದಲು ಕರೆ ಬಂದಿತ್ತು. ಆ ಕರೆಗೆ ಅರ್ಹನಾಗಲು ಅವನು ಏನನ್ನೂ ಮಾಡಿರಲಿಲ್ಲ. ಮಾಡಿದ್ದೆಲ್ಲವೂ ಅದಕ್ಕೆ ವಿರುದ್ಧವಾಗಿಯೇ ಇತ್ತು.

ಮುಂದೆ ಅವನು ಯೆಹೂದ್ಯರಲ್ಲದ ಅನ್ಯಜನರ ನಡುವೆ ಬೋಧಿಸತೊಡಗಿದನು. ಆಗ ತೊಡಕು ಕಾಣಿಸಿಕೊಂಡಿತು. ಕ್ರಿಸ್ತನನ್ನು ನಂಬಿದ ಅನ್ಯಜನರು ಮೊದಲು ಸುನ್ನತಿ ಮಾಡಿಸಿಕೊಂಡು, ಆಹಾರನಿಯಮಗಳನ್ನು ಅಂಗೀಕರಿಸಿ, ಯೆಹೂದ್ಯರಾಗಬೇಕೇ? ಹಾಗೆ ಆದ ಮೇಲೆಯೇ ಅವರು ದೇವರ ಜನರೆನಿಸುವರೇ? ಅಂತಿಯೋಕ್ಯ ಆಗಿನ ರೋಮನ್ ಸಿರಿಯಾ ಪ್ರಾಂತದ ದೊಡ್ಡ ನಗರ. ಇಂದು ಅದು ತುರ್ಕಿಯ ಅಂತಾಕ್ಯ. 2023ರ ಫೆಬ್ರವರಿಯ ಭೂಕಂಪದಲ್ಲಿ ಬಹುವಾಗಿ ನೆಲಸಮವಾದ ಊರು. ಏಸುವಿನ ಶಿಷ್ಯರಿಗೆ 'ಕ್ರೈಸ್ತರು' ಎಂಬ ಹೆಸರು ಮೊದಲು ಬಂದದ್ದು ಅಲ್ಲಿಯೇ ಎಂದು ಹೊಸ ಒಡಂಬಡಿಕೆಯ 'ಅಪೊಸ್ತಲರ ಕೃತ್ಯಗಳು' ಎಂಬ ಗ್ರಂಥ ಹೇಳುತ್ತದೆ. ಅಲ್ಲಿ ಯೆಹೂದ್ಯರೂ ಅನ್ಯಜನರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಏಸುವಿನ ಹಿರಿಯ ಶಿಷ್ಯನಾದ ಪೇತ್ರನೂ ಆ ಪಂಕ್ತಿಯಲ್ಲಿ ಕುಳಿತನು.

ಅಷ್ಟರಲ್ಲಿ ಯೆರೂಸಲೇಮಿನಿಂದ, ಅಲ್ಲಿನ ಸಭೆಯ ಹಿರಿಯನಾದ ಯಾಕೋಬನ ಕಡೆಯವರು ಕೆಲವರು ಬಂದರು. ಅವರನ್ನು ಕಂಡು ಪೇತ್ರನು ಹಿಂಜರಿದನು; ಅನ್ಯಜನರೊಡನೆ ಉಣ್ಣುವುದನ್ನು ನಿಲ್ಲಿಸಿ ಬೇರೆಯಾದನು. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು. ಪೌಲನ ಆಪ್ತ ಸಹಚರನಾದ ಬಾರ್ನಬನೂ ಎದ್ದನು. ಪೌಲನು ಎಲ್ಲರ ಮುಂದೆಯೇ ಪೇತ್ರನನ್ನು ಖಂಡಿಸಿದನು. ಈ ಪ್ರಸಂಗವನ್ನು ಪೌಲನೇ ಗಲಾತ್ಯದ ಸಭೆಗಳಿಗೆ ಬರೆದ ಪತ್ರದಲ್ಲಿ ದಾಖಲಿಸಿದ್ದಾನೆ. ಅವನ ಪತ್ರಗಳಲ್ಲಿ ಅತ್ಯಂತ ಕುಪಿತವಾದುದು ಅದು. ವಾಡಿಕೆಯಂತೆ ಆರಂಭದಲ್ಲಿ ಬರಬೇಕಾದ ಕೃತಜ್ಞತೆಯ ಮಾತುಗಳೂ ಅದರಲ್ಲಿಲ್ಲ.

ಅವನ ಕೋಪಕ್ಕೆ ಕಾರಣವೇನು? ನಮ್ಮ ನಾಡಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಕ್ತಿಭೇದವೆಂದರೇನೆಂದು ನಾವು ಬಲ್ಲೆವು. ಪೇತ್ರನು ಯಾವ ಸಿದ್ಧಾಂತವನ್ನೂ ಬಾಯಿಂದ ಅಲ್ಲಗಳೆಯಲಿಲ್ಲ. ಎದ್ದು ಹೋದನು, ಅಷ್ಟೇ. ಆದರೆ ಆ ಎದ್ದು ಹೋಗುವಿಕೆ ಅನ್ಯಜನರಿಗೆ ಒಂದು ಮಾತನ್ನು ಹೇಳಿತು. ದೇವರು ನಿಮ್ಮನ್ನು ಒಪ್ಪಿಕೊಂಡಿರಬಹುದು, ಆದರೆ ನಮ್ಮ ನೇಮಗಳನ್ನು ಪಾಲಿಸುವ ತನಕ ನೀವು ನಮಗೆ ಸಮರಲ್ಲ ಎಂಬುದೇ ಆ ಮಾತು. ಪೌಲನ ದೃಷ್ಟಿಯಲ್ಲಿ ಇದು ಕ್ರಿಸ್ತನ ಮರಣವನ್ನೇ ವ್ಯರ್ಥಗೊಳಿಸಿದಂತೆ. ದೇವರು ಬೆಲೆ ಕೇಳದೆ ಕೊಟ್ಟದ್ದಕ್ಕೆ ಮನುಷ್ಯರು ಬಾಗಿಲಲ್ಲಿ ನಿಂತು ಸುಂಕ ಎತ್ತಿದಂತೆ. ಪೇತ್ರನು ಇದಕ್ಕೆ ಏನು ಉತ್ತರ ಕೊಟ್ಟನೆಂಬುದನ್ನು ಪೌಲನು ಬರೆದಿಲ್ಲ.

ಅಬ್ರಹಾಮನ ನಿದರ್ಶನ

ಪೌಲನು ಇದನ್ನು ಕೇವಲ ಆವೇಶದಿಂದ ಹೇಳಿ ಬಿಡಲಿಲ್ಲ. ಶಾಸ್ತ್ರಿಗಳೊಡನೆ ವಾದಿಸುವವನು ಶಾಸ್ತ್ರದಿಂದಲೇ ಆಧಾರ ತರಬೇಕೆಂದು ಅವನು ಬಲ್ಲನು. ಆದುದರಿಂದ ಯೆಹೂದ್ಯರ ಮೂಲಪುರುಷನಾದ ಅಬ್ರಹಾಮನ ಕಥೆಯನ್ನೇ ತೆಗೆದುಕೊಂಡನು. ಆದಿಕಾಂಡದಲ್ಲಿ ಅಬ್ರಹಾಮನು ದೇವರ ಮಾತನ್ನು ನಂಬಿ ನೀತಿವಂತನೆನಿಸಿಕೊಂಡ ಪ್ರಸಂಗ 15ನೆಯ ಅಧ್ಯಾಯದಲ್ಲಿದೆ; ಸುನ್ನತಿಯ ಆಜ್ಞೆ ಬಂದದ್ದು 17ನೆಯ ಅಧ್ಯಾಯದಲ್ಲಿ. ಮೋಶೆಯ ಧರ್ಮಶಾಸ್ತ್ರವಂತೂ ವಾಗ್ದಾನವಾಗಿ 430 ವರ್ಷಗಳ ಅನಂತರ ಬಂದದ್ದೆಂದು ಪೌಲನು ಲೆಕ್ಕ ಕೊಡುತ್ತಾನೆ. ಹಾಗಿದ್ದರೆ ಅಬ್ರಹಾಮನನ್ನು ದೇವರು ಒಪ್ಪಿದ್ದು ಯಾವ ವಿಧಿಯನ್ನು ಪಾಲಿಸಿದ್ದರಿಂದ? ಆಗ ವಿಧಿಯೇ ಇರಲಿಲ್ಲ. ಮೊದಲು ವಾಗ್ದಾನ, ಅದರ ಮೇಲಿನ ನಂಬಿಕೆ. ಗುರುತು ಮತ್ತು ನಿಯಮಗಳು ಬಂದದ್ದು ಹಿಂದಿನಿಂದ.

ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಇದನ್ನು ದುಡಿಮೆಯ ಹೋಲಿಕೆಯಿಂದ ವಿವರಿಸುತ್ತಾನೆ. ದುಡಿದವನಿಗೆ ಸಲ್ಲುವ ಕೂಲಿ ದಾನವಲ್ಲ, ಅದು ಒಡೆಯನ ಮೇಲಿನ ಋಣ. ಋಣವಿದ್ದಲ್ಲಿ ಕೃಪೆಗೆ ಎಡೆಯಿಲ್ಲ. ಮನುಷ್ಯನು ತನ್ನ ನೇಮನಿಷ್ಠೆಗಳ ಪಟ್ಟಿ ಹಿಡಿದು ದೇವರಿಂದ ಬಾಕಿ ವಸೂಲು ಮಾಡಲಾರನು. ದೇವರು ಯಾರಿಗೂ ಸಾಲಗಾರನಲ್ಲ. ಮುಕ್ತಿ ಎಂಬುದು ಕೊಡುಗೆ. ಕೊಡುಗೆಗೆ ಕೈಯೊಡ್ಡುವುದೇ ನಂಬಿಕೆ.

ಇದೇ ಪತ್ರಗಳಲ್ಲಿ ಗೃಹಸ್ಥರಾದ ನಮಗೆ ಸುಲಭವಾಗಿ ತಿಳಿಯುವ ಇನ್ನೊಂದು ಹೋಲಿಕೆಯೂ ಇದೆ. ಒಂದೇ ಮನೆಯಲ್ಲಿ ಆಳೂ ಇರುತ್ತಾನೆ, ಮಗನೂ ಇರುತ್ತಾನೆ. ಇಬ್ಬರೂ ಅದೇ ಹೊಲದಲ್ಲಿ ಬೆವರು ಸುರಿಸಬಹುದು. ಆಳು ಕೆಲಸ ಮಾಡಿದುದರಿಂದ ಮನೆಯಲ್ಲಿ ಉಳಿದಿದ್ದಾನೆ. ಕೆಲಸ ಕೆಟ್ಟರೆ ಹೊರಗೆ ನಡೆಯಬೇಕು. ಮಗನಾದರೋ ಮನೆಯವನಾದುದರಿಂದ ಕೆಲಸ ಮಾಡುತ್ತಾನೆ; ಬೆಳೆ ಕೆಟ್ಟ ವರ್ಷವೂ ಅವನು ಮಗನೇ. ಕೆಲಸ ಒಂದೇ ಆದರೂ ಅದರ ಹಿಂದಿರುವ ಮನಸ್ಸು ಬೇರೆ. ಒಂದರಲ್ಲಿ ಅಂಜಿಕೆಯಿದೆ, ಇನ್ನೊಂದರಲ್ಲಿ ಅಕ್ಕರೆಯಿದೆ. ಗಲಾತ್ಯದವರಿಗೆ ಪೌಲನು ನೀವು ಇನ್ನು ದಾಸರಲ್ಲ, ಮಕ್ಕಳು ಎಂಬ ಅಭಿಪ್ರಾಯವನ್ನು ಬರೆದಾಗ ಅವನ ಮನಸ್ಸಿನಲ್ಲಿದ್ದದ್ದು ಈ ಭೇದವೇ. ಶಾಸ್ತ್ರವನ್ನು ಅವನು ಕೆಡುಕೆಂದು ಕರೆಯಲಿಲ್ಲ. ಆ ಕಾಲದ ಶ್ರೀಮಂತರ ಮನೆಗಳಲ್ಲಿ ಮಕ್ಕಳನ್ನು ಗುರುವಿನ ಬಳಿಗೆ ಕರೆದೊಯ್ಯಲು, ದಾರಿ ತಪ್ಪದಂತೆ ಕಾಯಲು ಒಬ್ಬ ಆಳು ಇರುತ್ತಿದ್ದನು. ಶಾಸ್ತ್ರವನ್ನು ಅವನು ಆ ಆಳಿಗೆ ಹೋಲಿಸಿದನು. ಮಗು ದೊಡ್ಡವನಾದ ಮೇಲೆ ಆ ಕಾವಲಿನ ಕೆಲಸ ಮುಗಿಯುತ್ತದೆ.

ಇಲ್ಲಿ ಯೆಹೂದ್ಯಧರ್ಮಕ್ಕೆ ಅನ್ಯಾಯವಾಗದಂತೆ ಒಂದು ಮಾತು ಹೇಳಬೇಕು. ಯೆಹೂದ್ಯರು ಪುಣ್ಯದ ಲೆಕ್ಕ ಬರೆದು ಮುಕ್ತಿ ಗಳಿಸಲು ಹೊರಟವರೆಂದು ಕ್ರೈಸ್ತ ಲೇಖಕರು ಬಹುಕಾಲ ಬರೆದರು. 1977ರಲ್ಲಿ ಅಮೆರಿಕದ ವಿದ್ವಾಂಸರಾದ ಇ. ಪಿ. ಸ್ಯಾಂಡರ್ಸ್ ಅವರು ಪೌಲನನ್ನೂ ಪ್ಯಾಲಸ್ತೀನದ ಯೆಹೂದ್ಯಧರ್ಮವನ್ನೂ ಕುರಿತ ತಮ್ಮ ಗ್ರಂಥದಲ್ಲಿ ಈ ಚಿತ್ರ ಸರಿಯಲ್ಲವೆಂದು ಪ್ರಾಚೀನ ಯೆಹೂದ್ಯ ಗ್ರಂಥಗಳ ಆಧಾರದಿಂದಲೇ ವಾದಿಸಿದರು. ಯೆಹೂದ್ಯರ ಪ್ರಕಾರ ದೇವರು ಮೊದಲು ಅವರನ್ನು ಐಗುಪ್ತದ ದಾಸ್ಯದಿಂದ ಬಿಡಿಸಿದನು. ಆಮೇಲೆ ಸೀನಾಯಿ ಬೆಟ್ಟದಲ್ಲಿ ಆಜ್ಞೆಗಳನ್ನು ಕೊಟ್ಟನು. ಹತ್ತು ಆಜ್ಞೆಗಳು ಆರಂಭವಾಗುವುದೇ ಆ ಬಿಡುಗಡೆಯ ಸ್ಮರಣೆಯಿಂದ. ಮೊದಲು ಬಿಡುಗಡೆ, ಬಳಿಕ ಆಜ್ಞೆ. ಹಾಗೆ ನೋಡಿದರೆ ಕೃಪೆ ಮುಂದು, ನಡತೆ ಹಿಂದು ಎಂಬ ಕ್ರಮವನ್ನು ಪೌಲನು ಕಲಿತದ್ದು ತನ್ನ ಹಿರಿಯರ ಧರ್ಮದಿಂದಲೇ. ಆ ಕೃಪೆಯ ಬಾಗಿಲನ್ನು ಅನ್ಯಜನರಿಗೂ ಅದೇ ಕ್ರಮದಲ್ಲಿ ತೆರೆಯಬೇಕೆಂದದ್ದು ಅವನ ಹೊಸತನ.

ಸಂನ್ಯಾಸಿಯ ಅಂಜಿಕೆ

ಈಗ ಸುಮಾರು ಹದಿನೈದು ಶತಮಾನ ಮುಂದಕ್ಕೆ, ಜರ್ಮನಿಗೆ ಬರೋಣ. ಮಾರ್ಟಿನ್ ಲೂಥರ್ 1483ರಲ್ಲಿ ಐಸ್ಲೆಬೆನ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆಗೆ ಮಗನು ವಕೀಲನಾಗಬೇಕೆಂಬ ಹಂಬಲ. 1505ರ ಜುಲೈ ತಿಂಗಳಲ್ಲಿ ಎರ್‌ಫರ್ಟ್ ಪಟ್ಟಣದ ಸಮೀಪ ದಾರಿ ನಡೆಯುವಾಗ ಸಿಡಿಲು ಬಡಿಯಿತು. ಪ್ರಾಣಭಯದಿಂದ ಲೂಥರನು ಬದುಕಿ ಉಳಿದರೆ ಸಂನ್ಯಾಸಿಯಾಗುವೆನೆಂದು ಸಂತ ಅನ್ನಳಿಗೆ ಹರಕೆ ಹೊತ್ತನು. ಸುಮಾರು ಎರಡು ವಾರಗಳಲ್ಲಿ ಅಗಸ್ಟೀನಿಯನ್ ಮಠವನ್ನು ಸೇರಿದನು.

ಮಠದ ನಿಯಮಗಳನ್ನು ಅವನು ಅಕ್ಷರಶಃ ಪಾಲಿಸಿದನು. ಉಪವಾಸ, ಜಾಗರಣೆ, ಪ್ರಾರ್ಥನೆ ಯಾವುದರಲ್ಲಿಯೂ ಹಿಂದೆ ಬೀಳಲಿಲ್ಲ. ಪಾಪನಿವೇದನೆಗೆ ಕುಳಿತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಆದರೂ ನೆಮ್ಮದಿ ದೊರಕಲಿಲ್ಲ. ಇಷ್ಟು ಮಾಡಿದೆ, ಸಾಕೇ? ನೆನಪಿಗೆ ಬಾರದ ಪಾಪ ಇನ್ನೆಷ್ಟಿದೆಯೋ? ಪಶ್ಚಾತ್ತಾಪಪಟ್ಟೆನೆಂದುಕೊಂಡೆ, ಅದು ದೇವರ ಮೇಲಣ ಪ್ರೀತಿಯಿಂದಲೋ, ದಂಡನೆಯ ಭಯದಿಂದಲೋ? ಎಷ್ಟು ತೊಳೆದರೂ ಕಲೆ ಹೋಯಿತೆಂಬ ನಂಬಿಕೆ ಹುಟ್ಟದವನ ಕಷ್ಟ ಅವನದು. ಇದನ್ನು ನಾವು ಹಗುರವಾಗಿ ಕಾಣಬಾರದು. ವ್ರತ ತಪ್ಪಿತೆಂದು, ನೇಮಕ್ಕೆ ಭಂಗ ಬಂದಿತೆಂದು, ಮನೆಗೆ ಬಂದ ಕಷ್ಟಕ್ಕೆಲ್ಲ ತನ್ನ ತಪ್ಪೇ ಕಾರಣವೆಂದು ಒಳಗೊಳಗೇ ನವೆಯುವ ತಾಯಂದಿರು ಎಲ್ಲ ಮತಗಳ ಮನೆಗಳಲ್ಲಿಯೂ ಇದ್ದಾರೆ. ಲೂಥರನ ಸಂಕಟ ಅವರಿಗೆ ಬೇಗ ಅರ್ಥವಾದೀತು.

1512ರಲ್ಲಿ ಲೂಥರನು ವಿಟೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬೈಬಲಿನ ಅಧ್ಯಾಪಕನಾದನು. ಕೀರ್ತನೆಗಳನ್ನೂ ರೋಮಾಪುರದವರಿಗೆ ಬರೆದ ಪೌಲನ ಪತ್ರವನ್ನೂ ಪಾಠ ಹೇಳುವಾಗ 'ದೇವರ ನೀತಿ' ಎಂಬ ಮಾತು ಅವನನ್ನು ಕಾಡಿತು. ಅದನ್ನು ಅವನು ಅಲ್ಲಿಯವರೆಗೆ, ಪಾಪಿಯನ್ನು ತೂಗಿ ದಂಡಿಸುವ ನ್ಯಾಯಾಧಿಪತಿಯ ನೀತಿಯೆಂದೇ ತಿಳಿದಿದ್ದನು. ಹಿಂದುಮುಂದಿನ ಮಾತುಗಳನ್ನು ಹಗಲಿರುಳು ಚಿಂತಿಸಿದಾಗ ಬೇರೊಂದು ಅರ್ಥ ಹೊಳೆಯಿತು. ಅದು ದೇವರು ಮನುಷ್ಯನಿಂದ ಕೇಳುವ ನೀತಿಯಲ್ಲ. ನಂಬಿದವನಿಗೆ ದೇವರೇ ಕೊಡುವ ನೀತಿ. ಸ್ವರ್ಗದ ಬಾಗಿಲು ತೆರೆದಂತಾಯಿತೆಂದು ಅವನು ಮುಪ್ಪಿನಲ್ಲಿ ಆ ಕ್ಷಣವನ್ನು ಸ್ಮರಿಸಿಕೊಂಡನು.

ಇದೇ ಹೊತ್ತಿಗೆ ಜರ್ಮನಿಯಲ್ಲಿ ಪಾಪವಿಮೋಚನಾ ಪತ್ರಗಳ ಮಾರಾಟ ನಡೆದಿತ್ತು. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಇದನ್ನು ನಾವೆಲ್ಲ ಓದಿದ್ದೇವೆ. ಮೈನ್ಸಿನ ಆರ್ಚ್‌ಬಿಷಪ್ ಆಲ್ಬ್ರೆಕ್ಟನು ತನ್ನ ಪದವಿಗಾಗಿ ರೋಮಿಗೆ ತೆರಬೇಕಾದ ಹಣವನ್ನು ಫುಗ್ಗರ್ ಮನೆತನದ ಲೇವಾದೇವಿಗಾರರಿಂದ ಸಾಲ ತಂದಿದ್ದನು. ಪತ್ರಗಳಿಂದ ಬಂದ ಹಣದಲ್ಲಿ ಅರ್ಧ ಆ ಸಾಲಕ್ಕೆ, ಅರ್ಧ ರೋಮಿನ ಸಂತ ಪೇತ್ರನ ದೇವಾಲಯದ ಕಟ್ಟಡಕ್ಕೆ. ಬಡವರು ತಮ್ಮ ಗತಿಸಿದ ತಂದೆತಾಯಿಗಳ ಶಿಕ್ಷೆ ಕಳೆಯಲೆಂದು ಗಂಟು ಬಿಚ್ಚುತ್ತಿದ್ದರು. ಸಭೆಯ ಅಧಿಕೃತ ಬೋಧೆಯಂತೆ ಈ ಪತ್ರವು ಪಾಪವನ್ನೇ ಅಳಿಸುವುದಲ್ಲ, ಕ್ಷಮೆಯಾದ ಪಾಪಕ್ಕೆ ಉಳಿದಿರುವ ದಂಡವನ್ನು ತಗ್ಗಿಸುವುದು. ಆದರೆ ಸಂತೆಯ ಗದ್ದಲದಲ್ಲಿ ಆ ಸೂಕ್ಷ್ಮವನ್ನು ಕೇಳುವವರಾರು? 1517ರ ಅಕ್ಟೋಬರ್ 31ರಂದು ಲೂಥರನು ತನ್ನ 95 ವಾದಸೂತ್ರಗಳನ್ನು ಅದೇ ಆರ್ಚ್‌ಬಿಷಪ್ಪನಿಗೆ ಕಳುಹಿಸಿದನು. ಕೃಪೆಗೆ ದರಪಟ್ಟಿ ಹಚ್ಚಿದ್ದರ ವಿರುದ್ಧ ಎದ್ದ ಆ ದನಿಯಿಂದ ಪಾಶ್ಚಾತ್ಯ ಕ್ರೈಸ್ತಲೋಕವೇ ಇಬ್ಭಾಗವಾಯಿತು.

ರೋಮನ್ ಕ್ಯಾಥೋಲಿಕ್ ಸಭೆಯು ಕೃಪೆಯನ್ನು ಅಲ್ಲಗಳೆಯಿತೆಂದು ತಿಳಿಯುವುದು ತಪ್ಪು. 1547ರ ಜನವರಿಯಲ್ಲಿ ಟ್ರೆಂಟ್ ಮಹಾಸಭೆಯು ಹೊರಡಿಸಿದ ನಿರ್ಣಯದಲ್ಲಿ, ಕೃಪೆಯಿಲ್ಲದೆ ಕೇವಲ ತನ್ನ ಕರ್ಮಗಳಿಂದ ಮನುಷ್ಯನು ದೇವರಿಗೆ ಒಪ್ಪಿಗೆಯಾಗಲಾರನೆಂದು ಮೊದಲಿಗೇ ಸಾರಿತು. ಭಿನ್ನಾಭಿಪ್ರಾಯವಿದ್ದದ್ದು ಮನುಷ್ಯನ ಪಾಲು ಏನೆಂಬುದರಲ್ಲಿ. ನಂಬಿಕೆಯೊಂದೇ ಸಾಕೆಂದನು ಲೂಥರನು. ಕೃಪೆ ಮನುಷ್ಯನೊಳಗೆ ಕೆಲಸ ಮಾಡುವಾಗ ಅವನ ಇಚ್ಛೆಯೂ ಒಡಗೂಡಬೇಕು, ಪ್ರೀತಿಯಿಂದ ನಂಬಿಕೆ ಪೂರ್ಣವಾಗಬೇಕು ಎಂದಿತು ಟ್ರೆಂಟ್. ಈ ಭೇದಕ್ಕಾಗಿ ಪರಸ್ಪರ ಶಾಪಗಳಾದವು, ಯುದ್ಧಗಳೂ ಬೆರೆತುಕೊಂಡವು. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಲೂಥರನ್ ಜಾಗತಿಕ ಒಕ್ಕೂಟವೂ ಕ್ಯಾಥೋಲಿಕ್ ಸಭೆಯೂ ಕೂಡಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಒಪ್ಪಿಕೊಳ್ಳುತ್ತಾನೆ. ಹಾಗೆ ಒಪ್ಪಿಕೊಂಡವರನ್ನು ಸತ್ಕಾರ್ಯಕ್ಕೆ ಅಣಿಗೊಳಿಸುತ್ತಾನೆ ಎಂಬುದು ಅದರ ತಿರುಳು. ಮೆಥಡಿಸ್ಟರು 2006ರಲ್ಲಿಯೂ ರಿಫಾರ್ಮ್ಡ್ ಸಭೆಗಳವರು 2017ರಲ್ಲಿಯೂ ಅದನ್ನು ಸೇರಿಕೊಂಡರು. ನಾನೂರ ಎಂಬತ್ತೆರಡು ವರ್ಷಗಳ ಕಲಹ ಒಂದು ಮೇಜಿನ ಮುಂದೆ ಬಂದು ಕುಳಿತದ್ದು ಸಣ್ಣ ಸಂಗತಿಯಲ್ಲ.

ಕೃಪೆ ಅಗ್ಗವಾದರೆ

ಇಷ್ಟು ಕೇಳಿದ ಮೇಲೆ ವಿಚಾರವಂತರಾದ ಓದುಗರ ಮನಸ್ಸಿನಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ನೇಮನಿಷ್ಠೆಗಳಿಂದ ಮುಕ್ತಿಯಿಲ್ಲವೆಂದರೆ, ಇನ್ನು ಮನಬಂದಂತೆ ನಡೆಯಬಹುದಲ್ಲವೆ? ಪ್ರಾಮಾಣಿಕನಾಗಿ ಬಾಳಿದವನಿಗೂ ಕೊನೆಗಾಲದಲ್ಲಿ ಕಣ್ಣೀರಿಟ್ಟವನಿಗೂ ಒಂದೇ ಗತಿಯಾದರೆ, ಅದು ನ್ಯಾಯವೇ?

ಈ ಆಕ್ಷೇಪ ಬೈಬಲ್ಲಿನಲ್ಲಿಯೇ ಇದೆ. ಏಸು ಹೇಳಿದ ದೃಷ್ಟಾಂತವೊಂದರಲ್ಲಿ ದ್ರಾಕ್ಷಿತೋಟದ ಒಡೆಯನು ಬೆಳಗಿನಲ್ಲಿ ಕೆಲವರನ್ನು ಕೂಲಿಗೆ ಕರೆಯುತ್ತಾನೆ, ನಡುಹಗಲಲ್ಲಿ ಕೆಲವರನ್ನು, ಹೊತ್ತು ಮುಳುಗಲು ಒಂದು ಗಂಟೆ ಇರುವಾಗ ಇನ್ನೂ ಕೆಲವರನ್ನು. ಸಂಜೆಗೆ ಎಲ್ಲರಿಗೂ ಒಂದೇ ನಾಣ್ಯ. ದಿನವಿಡೀ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ಗೊಣಗದೆ ಇರುವವರಾರು? ಆದರೆ ಒಡೆಯನು ಅವರ ಕೂಲಿಯಲ್ಲಿ ಒಂದು ಕಾಸನ್ನೂ ಮುರಿದಿರಲಿಲ್ಲ. ಕೊನೆಗೆ ಬಂದವನ ಮನೆಯಲ್ಲಿಯೂ ಆ ರಾತ್ರಿ ಒಲೆ ಹೊತ್ತಬೇಕಾಗಿತ್ತು. ಅವನು ಸಂಜೆಯವರೆಗೆ ಬೀದಿಯಲ್ಲಿ ನಿಂತದ್ದು ಸೋಮಾರಿತನದಿಂದಲ್ಲ, ಯಾರೂ ಕರೆಯದೆ ಇದ್ದುದರಿಂದ. ದೇವರ ಔದಾರ್ಯವು ಪರರಿಗೆ ದೊರೆತಾಗ ನಮ್ಮ ಕಣ್ಣು ಉರಿಯುವುದೇಕೆ ಎಂಬ ಪ್ರಶ್ನೆಯನ್ನು ಆ ದೃಷ್ಟಾಂತವು ನಮ್ಮ ಮುಂದಿಟ್ಟು ನಿಲ್ಲುತ್ತದೆ.

ಮೊದಲ ಆಕ್ಷೇಪಕ್ಕೆ ಹೊಸ ಒಡಂಬಡಿಕೆಯಲ್ಲಿ ಉತ್ತರ ಕೊಟ್ಟವರು ಇಬ್ಬರು. ಕೃಪೆ ಹೆಚ್ಚಲೆಂದು ಪಾಪದಲ್ಲಿಯೇ ಇರಬಹುದೇ ಎಂದು ತಾನೇ ಕೇಳಿ, ಎಂದಿಗೂ ಇಲ್ಲವೆಂದು ಪೌಲನೇ ಉತ್ತರಿಸುತ್ತಾನೆ. ಯಾಕೋಬನ ಹೆಸರಿನ ಪತ್ರವಾದರೋ ಇನ್ನೂ ನೇರ. ಉಡಲಿಲ್ಲದವನಿಗೆ, ಉಣಲಿಲ್ಲದವನಿಗೆ ಬರಿಯ ಹಾರೈಕೆಯ ಮಾತಾಡಿ ಕಳುಹಿಸಿದರೆ ಅಂಥ ನಂಬಿಕೆ ಸತ್ತದ್ದೆಂದು ಅದು ಹೇಳುತ್ತದೆ. ಲೂಥರನಿಗೆ ಈ ಪತ್ರ ರುಚಿಸಲಿಲ್ಲ. ಆದರೂ ಅವನು ಅದನ್ನು ತನ್ನ ಜರ್ಮನ್ ಬೈಬಲಿನಿಂದ ಕಿತ್ತುಹಾಕಲಿಲ್ಲ. ಮರ ಒಳ್ಳೆಯದಾಗದೆ ಹಣ್ಣು ಒಳ್ಳೆಯದಾಗದು, ಹಣ್ಣಿಲ್ಲದೆ ಮರವನ್ನು ಒಳ್ಳೆಯದೆನ್ನಲಾಗದು. ಪೌಲನು ಬೇರಿನಿಂದ ಮಾತನಾಡಿದನು, ಯಾಕೋಬನು ಕೊಂಬೆಯಿಂದ ಮಾತನಾಡಿದನು ಎಂದು ತಿಳಿದರೆ ಇಬ್ಬರ ಮಾತೂ ಕೂಡಿಬರುತ್ತದೆ.

ಲೂಥರನ ಬಾಳಿನಲ್ಲಿಯೂ ಹಣ್ಣು ಕಹಿಯಾದ ಪ್ರಸಂಗವಿದೆ. ಕೃಪೆಯನ್ನು ಅಷ್ಟು ಆಳವಾಗಿ ಅರಿತವನು 1543ರಲ್ಲಿ ಯೆಹೂದ್ಯರ ವಿರುದ್ಧ ಅತ್ಯಂತ ಕ್ರೂರವಾದ ಗ್ರಂಥವೊಂದನ್ನು ಬರೆದನು. ನಾಲ್ಕು ಶತಮಾನಗಳ ಮೇಲೆ ನಾಜಿಗಳು ಅದನ್ನು ತಮ್ಮ ದುಷ್ಟ ಪ್ರಚಾರಕ್ಕೆ ಬಳಸಿಕೊಂಡರು. ಇಂದಿನ ಲೂಥರನ್ ಸಭೆಗಳು ಆ ಬರಹವನ್ನು ಬಹಿರಂಗವಾಗಿ ತಿರಸ್ಕರಿಸಿವೆ. ತತ್ತ್ವವನ್ನು ಕಂಡವನೇ ಅದನ್ನು ಎಲ್ಲರಿಗೂ ಅನ್ವಯಿಸಲು ತಪ್ಪಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದೇ ನಾಜಿಗಳ ಕಾಲದಲ್ಲಿ ಲೂಥರನ ಪರಂಪರೆಯವರೇ ಆದ ಡೀಟ್ರಿಶ್ ಬೋನ್‌ಹಾಫರ್ ಎಂಬ ತರುಣ ಪಾದ್ರಿ 1937ರಲ್ಲಿ ಕ್ರಿಸ್ತನ ಹಿಂಬಾಲಿಕೆಯನ್ನು ಕುರಿತು ಒಂದು ಗ್ರಂಥ ಬರೆದರು. 'ಅಗ್ಗದ ಕೃಪೆ' ಎಂಬ ಮಾತು ಪ್ರಸಿದ್ಧವಾದದ್ದು ಅದರಿಂದ. ಭಾನುವಾರ ಕ್ಷಮೆಯ ಮಾತು ಕೇಳಿ ಸೋಮವಾರ ಅನ್ಯಾಯಕ್ಕೆ ಹೆಗಲು ಕೊಡುವವರ ಕೃಪೆ ಅಗ್ಗದ ಕೃಪೆ. ನಿಜವಾದ ಕೃಪೆ ಪುಕ್ಕಟೆ ದೊರೆಯುತ್ತದೆ, ಆದರೆ ಪಡೆದವನ ಇಡೀ ಬಾಳನ್ನು ಕೇಳುತ್ತದೆ ಎಂಬುದು ಅವರ ವಾದ. ಹಿಟ್ಲರನ ವಿರುದ್ಧದ ಸಂಚಿನಲ್ಲಿ ಭಾಗಿಯೆಂದು ಅವರನ್ನು 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ಆಗ ಅವರಿಗೆ 39 ವರ್ಷ.

ಹಣ್ಣಾಗಲು ಕಾಲ ಬೇಕು ಎಂಬುದಕ್ಕೆ ಇಂಗ್ಲೆಂಡಿನ ಜಾನ್ ನ್ಯೂಟನ್ನನ ಚರಿತ್ರೆ ನಿದರ್ಶನ. 1748ರಲ್ಲಿ ಸಮುದ್ರದ ಬಿರುಗಾಳಿಗೆ ಸಿಲುಕಿ ಅವನು ದೇವರನ್ನು ಕೂಗಿಕೊಂಡು ಬದುಕಿ ಉಳಿದನು. ಅಂದು ತನ್ನ ಬಾಳು ತಿರುಗಿತೆಂದು ಹೇಳಿಕೊಂಡವನೇ, ಅದಾದ ಮೇಲೆಯೂ 1754ರವರೆಗೆ ಆಫ್ರಿಕದ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ದುಡಿದನು, ಅವುಗಳ ಕಪ್ತಾನನೂ ಆದನು. ಮುಂದೆ ಪಾದ್ರಿಯಾಗಿ, 1773ರ ಹೊಸವರ್ಷದ ದಿನಕ್ಕೆಂದು 'ಅಮೇಜಿಂಗ್ ಗ್ರೇಸ್' ಎಂಬ ಹಾಡನ್ನು ರಚಿಸಿದನು. ಇಂದು ಜಗತ್ತಿನಲ್ಲಿ ಕೃಪೆಯನ್ನು ಕುರಿತು ಹಾಡುವ ಹಾಡುಗಳಲ್ಲಿ ಅದರಷ್ಟು ಪ್ರಸಿದ್ಧವಾದುದು ಅಪರೂಪ. ಗುಲಾಮ ವ್ಯಾಪಾರದ ವಿರುದ್ಧ, ತಾನು ಕಣ್ಣಾರೆ ಕಂಡದ್ದನ್ನೂ ತಾನು ಮಾಡಿದ್ದನ್ನೂ ಒಪ್ಪಿಕೊಂಡು ಅವನು ಕಿರುಪುಸ್ತಕ ಬರೆದದ್ದು 1788ರಲ್ಲಿ. ಬಿರುಗಾಳಿಯಾಗಿ ನಲವತ್ತು ವರ್ಷಗಳ ಮೇಲೆ. 1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷದ ಕೊನೆಗೆ ಅವನು ತೀರಿಕೊಂಡನು.

ನಮ್ಮ ನಾಡಿನ ಪಂಕ್ತಿ

ಈ ತತ್ತ್ವ ಕನ್ನಡ ನಾಡಿಗೂ ದೂರದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದು, ಕೆಲವೇ ವರ್ಷಗಳಲ್ಲಿ ಧಾರವಾಡ ಸೀಮೆಗೂ ಹಬ್ಬಿದ ಬಾಸೆಲ್ ಮಿಶನ್ ಲೂಥರನ ಸುಧಾರಣೆಯ ಪರಂಪರೆಯಿಂದ ಹೊರಟದ್ದು. 1894ರಲ್ಲಿ ಕನ್ನಡ ನಿಘಂಟನ್ನು ನಮಗಿತ್ತ ಕಿಟೆಲ್ ಅವರು ಆ ಮಿಶನ್ನಿನವರೇ. ನಮ್ಮ ಓಣಿಯ ಆಚೆಗಿರುವ ಕ್ರೈಸ್ತ ಬಂಧುಗಳು ಭಾನುವಾರ ಕೇಳುವ ಉಪದೇಶದಲ್ಲಿ ಅಂತಿಯೋಕ್ಯವೂ ವಿಟೆನ್‌ಬರ್ಗೂ ಇಂದಿಗೂ ಉಸಿರಾಡುತ್ತಿವೆ.

ಅಂತಿಯೋಕ್ಯದ ಸಮಸ್ಯೆಯೂ ಅವರೊಡನೆ ಈ ದೇಶಕ್ಕೆ ಬಂದಿತು. ದಕ್ಷಿಣ ಭಾರತದ ಕೆಲವು ಇಗರ್ಜಿಗಳಲ್ಲಿ ಜಾತಿಗೊಂದು ಸಾಲು ಮಾಡಿ ಕೂರುತ್ತಿದ್ದರು. ಪವಿತ್ರ ಭೋಜನದ ಒಂದೇ ಬಟ್ಟಲಿನಿಂದ ಕುಡಿಯಲು ಹಿಂಜರಿಯುತ್ತಿದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನನು ಸಭೆಯೊಳಗೆ ಈ ಭೇದಗಳನ್ನು ಕೂಡಲೇ ಬಿಡಬೇಕೆಂದು ಸುತ್ತೋಲೆ ಹೊರಡಿಸಿದಾಗ ಅನೇಕರು ಸಭೆಯನ್ನೇ ಬಿಟ್ಟು ಎದ್ದು ಹೋದರು. ಕೃಪೆಯ ಉಪದೇಶ ಕೇಳಿದ್ದವರೇ ಅವರು. ಇದನ್ನು ಹೇಳಿ ಬೆರಳು ತೋರುವ ಅಧಿಕಾರ ನಮಗಾರಿಗೂ ಇಲ್ಲ. ಜಾತಿ ಎಂಬುದು ಈ ನಾಡಿನ ಎಲ್ಲ ಮತಗಳ ಹೊಸ್ತಿಲನ್ನೂ ದಾಟಿ ಒಳಗೆ ಬಂದು ಕುಳಿತಿದೆ. ಸಮಾನತೆಯ ತತ್ತ್ವವನ್ನು ಎಷ್ಟು ಎತ್ತರದ ದನಿಯಲ್ಲಿ ಸಾರಿದ ಮತವಾದರೂ, ಅದರ ಮನೆಗಳಲ್ಲಿ ಎಲೆ ಹಾಕುವ ಹೊತ್ತಿಗೆ ಏನು ನಡೆಯುತ್ತದೆಂಬುದನ್ನು ಪ್ರತ್ಯೇಕವಾಗಿ ನೋಡಲೇಬೇಕು.

ಕ್ರೈಸ್ತರ ಕೃಪಾತತ್ತ್ವದಿಂದ ಅನ್ಯಮತೀಯರಾದ ನಾವು ತಿಳಿಯಬೇಕಾದದ್ದು ಇಷ್ಟು. ನೇಮಗಳನ್ನು ಬಿಡಬೇಕೆಂದು ಪೌಲನು ಕಲಿಸಲಿಲ್ಲ. ನೇಮವನ್ನು ಮನುಷ್ಯರ ನಡುವಿನ ಗೋಡೆಯಾಗಿ ಬಳಸಬಾರದೆಂದು ಕಲಿಸಿದನು. ಸತ್ಕರ್ಮ ಬೇಡವೆಂದು ಲೂಥರನು ಹೇಳಲಿಲ್ಲ. ಅದನ್ನು ದೇವರೊಡನೆ ವ್ಯಾಪಾರಕ್ಕಿಡಬೇಡವೆಂದನು. ಮನೆಯ ಹಿರಿಯರು ಮಕ್ಕಳ ವಿಷಯದಲ್ಲಿ ಇದನ್ನು ಸ್ವಲ್ಪ ಚಿಂತಿಸಬಹುದು. ಅಂಕ ಬಂದರೆ ಮಾತ್ರ ಮಗ, ಹೇಳಿದಂತೆ ಕೇಳಿದರೆ ಮಾತ್ರ ಮಗಳು ಎಂಬ ಭಾವ ಬೆಳೆದ ಮನೆಯಲ್ಲಿ ನಿಯಮಗಳು ಅಂಜಿಕೆಯಿಂದ ನಡೆಯುತ್ತವೆ, ಅಂಜಿಕೆ ಹೋದ ದಿನ ನಿಯಮವೂ ಹೋಗುತ್ತದೆ. ನೀನು ನಮ್ಮವನು ಎಂಬುದು ಮೊದಲು ಖಚಿತವಾದ ಮನೆಯಲ್ಲಿ ಮಕ್ಕಳು ತಪ್ಪು ಮಾಡಿದಾಗ ಮನೆ ಬಿಟ್ಟು ಓಡುವುದಿಲ್ಲ, ಮನೆಗೇ ಬರುತ್ತಾರೆ.

ಮುಂದಿನ ಬಾರಿ ನೆರೆಯ ಕ್ರೈಸ್ತ ಮಿತ್ರರು ಕ್ರಿಸ್ಮಸ್ಸಿಗೋ ಈಸ್ಟರಿಗೋ ಊಟಕ್ಕೆ ಕರೆದಾಗ ಅವರ ಪಂಕ್ತಿಯಲ್ಲಿ ಕುಳಿತು, ನಿಮ್ಮವರು ಕೃಪೆಯೆಂದು ಹೇಳುವುದು ಯಾವುದನ್ನು ಎಂದು ವಿಚಾರಿಸಿರಿ. ಅವರು ನಮ್ಮ ಮನೆಗೆ ಬಂದಾಗ ಅವರಿಗೂ ನಮ್ಮ ಪಂಕ್ತಿಯಲ್ಲಿಯೇ ಎಲೆ ಹಾಕಿರಿ.